ಆರು ಕತ್ತರಿಗಳ ಮನೆ

ನಮ್ಮ ಮನೆಯಲ್ಲಿ ಆರು ಕತ್ತರಿಗಳಿವೆ. ಆದರೂ ಆ ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಬರುವಂಥದ್ದು ಒಂದೂ ಸಿಗಲಿಲ್ಲ.

ಆರು ವರ್ಷದ ಮಗ ಬಂದು ಎದುರು ನಿಂತು, "ಅಪ್ಪಾ, ನಾನು ಸಿಂಹ ಆಗಬೇಕು" ಎಂದ. ಆಗು ಎಂದೆ. ಹಾಗಲ್ಲವಂತೆ, ಮುಖವಾಡ ಬೇಕಂತೆ. ಅದಕ್ಕೆ ಕೇಸರ ಇರಬೇಕಂತೆ, ಮೀಸೆಯಂತೂ ಇರಲೇಬೇಕಂತೆ. ನನಗೂ ಹುಮ್ಮಸ್ಸು ಬಂತು. ಕಪಾಟಿನ ಹಿಂದೆ ಸೇರಿಸಿಟ್ಟಿದ್ದ ರಟ್ಟಿನ ಕಟ್ಟನ್ನು ಎಳೆದು ಬಗಲಿಗಿಟ್ಟುಕೊಂಡು ಕತ್ತರಿ ಹುಡುಕಲು ಹೊರಟೆ. ಮೇಜಿನ ಡ್ರಾಯರಿನಲ್ಲಿ ಇರಲಿಲ್ಲ. ಹೊಲಿಗೆ ಯಂತ್ರದ ಪಕ್ಕ ಒಂದಿತ್ತು, ಆದರೆ ಅದು ಹೆಂಡತಿಯ ಬಟ್ಟೆ ಕತ್ತರಿ. ಅದನ್ನು ಕಾಗದಕ್ಕೆ ಮುಟ್ಟಿಸಿದರೆ ಮನೆಯಲ್ಲಿ ಮೂರು ದಿನ ಮೌನ. ಮಗಳ ಕೋಣೆಯಲ್ಲಿ ಸಿಕ್ಕಿದ್ದರ ಎರಡು ಅಲಗುಗಳೂ ಅಂಟುಪಟ್ಟಿಯ ಜಿಗುಟಿನಿಂದ ಒಂದನ್ನೊಂದು ತಬ್ಬಿಕೊಂಡಿದ್ದವು. ಅಂಟಿನ ಬಾಟಲಿಯೇನೋ ಸಿಕ್ಕಿತು, ಅದರ ಮೂತಿ ಕಟ್ಟಿಕೊಂಡಿತ್ತು. ಚುಚ್ಚಲು ಪಿನ್ನು ಹುಡುಕಿದೆ. ಹಳದಿ ಬಣ್ಣದ ಟ್ಯೂಬು ಕಲ್ಲಾಗಿತ್ತು. ಮುಕ್ಕಾಲು ಗಂಟೆಯಾದ ಮೇಲೆ ನೋಡುತ್ತೇನೆ, ಮೊದಲಿನಿಂದ ಹೊತ್ತು ತಿರುಗುತ್ತಿದ್ದ ರಟ್ಟಿನ ಕಟ್ಟಿನ ನಡುವೆಯೇ ಒಂದು ಕತ್ತರಿ ಸಿಕ್ಕಿಕೊಂಡಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅದೇ. ಎಲ್ಲವನ್ನೂ ಹಿಡಿದುಕೊಂಡು ಹಜಾರಕ್ಕೆ ಬಂದಾಗ ಸಿಂಹ ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಹೋಗಿತ್ತು.

ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವನು. ಏನಾದರೂ ತಪ್ಪಿದರೆ ಮೊದಲು ಪಟ್ಟಿ ಮಾಡಬೇಕು ಎನ್ನುವ ಜಾತಿ. ಮುಂದಿನ ವಾರದ ರಜೆಯಲ್ಲಿ ಇಡೀ ಕಪಾಟನ್ನು ನೆಲಕ್ಕೆ ಸುರಿದು ಕೂತೆ. ಸ್ಕೆಚ್ ಪೆನ್ನುಗಳು 63. ಅದರಲ್ಲಿ ಬರೆಯುತ್ತಿದ್ದವು 19. ಮುಚ್ಚಳವಿಲ್ಲದ ಗ್ಲೂ ಸ್ಟಿಕ್ಕುಗಳು ನಾಲ್ಕು, ಗ್ಲೂ ಸ್ಟಿಕ್ಕಿಲ್ಲದ ಮುಚ್ಚಳಗಳು ಏಳು. ಈ ವ್ಯತ್ಯಾಸ ಇವತ್ತಿಗೂ ತಾಳೆಯಾಗಿಲ್ಲ. ಬಣ್ಣದ ಪೆನ್ಸಿಲುಗಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡುಗಳು ಕರಗಿ ಪೆನ್ಸಿಲಿನ ಮೈಗೇ ಹತ್ತಿಕೊಂಡಿದ್ದವು. ಗಾಳಿಗೆ, ಬಿಸಿಗೆ ರಬ್ಬರು ಹಾಗೆಯೇ ಹಾಳಾಗುವುದು. ಬಿಗಿಯಾಗಿ ಎಳೆದು ಸುತ್ತಿದ್ದರಂತೂ ಬೇಗ. ಇನ್ನು ಉಣ್ಣೆ ದಾರದ ಕಥೆ ಆಮೇಲೆ ಹೇಳುತ್ತೇನೆ.

ಎರಡು ದಿನ ಹಿಡಿಯಿತು. ಪಾರದರ್ಶಕ ಡಬ್ಬಗಳು 32. ಕಾಗದದ ಜೊತೆ ಕಾಗದ, ಅಂಟಿನ ಜೊತೆ ಅಂಟು, ಮಣಿಯ ಜೊತೆ ಮಣಿ. ಲೇಬಲ್ ಮುದ್ರಿಸುವ ಪುಟ್ಟ ಯಂತ್ರವೊಂದನ್ನು ತರಿಸಿದೆ. ಅದರ ಬಿಳಿ ಪಟ್ಟಿಯ ಮೇಲೆ ಕಪ್ಪು ಅಕ್ಷರ ಟಿಕ್ ಟಿಕ್ ಎಂದು ಹೊರಬರುವುದನ್ನು ನೋಡುವುದೇ ಒಂದು ಸುಖ. ಡಬ್ಬಗಳನ್ನು ಅಕಾರಾದಿಯಲ್ಲಿ ಜೋಡಿಸಿದೆ. 'ಅಂಟು' ಎಲ್ಲಕ್ಕಿಂತ ಮೇಲೆ ಎಡಕ್ಕೆ, 'ಹಾಳೆ' ಕೆಳಗೆ ಬಲಕ್ಕೆ. ಯಾವ ಗುಂಪಿಗೂ ಸೇರದ ಚೂರುಪಾರುಗಳಿಗೆ ಒಂದು ಡಬ್ಬ ಮಾಡಿ 'ಇತರೆ' ಎಂದು ಬರೆದೆ. ನ್ಯಾಯವಾಗಿ ಅದಕ್ಕೆ ಮೊದಲ ಸಾಲಿನಲ್ಲೇ ಜಾಗ ಸಿಗಬೇಕಿತ್ತು, ಆದರೆ ಎಲ್ಲಕ್ಕಿಂತ ದೊಡ್ಡ ಡಬ್ಬ ಅದೇ ಆದ್ದರಿಂದ ನೆಲದ ಮೇಲೆ ಇಡಬೇಕಾಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆ ರೀ, ಅಂಗಡಿಯ ಹಾಗಿದೆ" ಎಂದಳು. ಹೊಗಳಿಕೆ ಎಂದುಕೊಂಡು ಫೋಟೊ ತೆಗೆದೆ.

ಅದಾದ ಮೇಲೆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮಾಡಲಿಲ್ಲ.

ಇದು ನನ್ನ ಗಮನಕ್ಕೆ ಬಂದದ್ದೂ ತಡವಾಗಿಯೇ. ಕಪಾಟು ಅಷ್ಟು ದಿನವೂ ಅಚ್ಚುಕಟ್ಟಾಗಿಯೇ ಉಳಿದಿದೆಯಲ್ಲ ಎಂದು ಒಳಗೊಳಗೆ ಬೀಗುತ್ತಿದ್ದೆ. ಒಂದು ಸಂಜೆ ಮಗಳನ್ನು ಕೇಳಿದೆ. ಅವಳಿಗೆ ಹನ್ನೊಂದು, ಹೇಳಬೇಕಾದದ್ದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ಇನ್ನೂ ಬಂದಿಲ್ಲ. "ಅಲ್ಲಿಂದ ಏನಾದರೂ ತೆಗೆದರೆ ನಿನ್ನ ಮುಖ ಒಂದು ಥರ ಆಗುತ್ತದೆ ಅಪ್ಪಾ" ಎಂದಳು. ಮಗ ತನ್ನ ದೂರನ್ನೂ ಸೇರಿಸಿದ: "ನನಗೆ ಆ ಮುಚ್ಚಳಗಳು ಬರುವುದಿಲ್ಲ."

ರಾತ್ರಿ ಕಪಾಟಿನ ಮುಂದೆ ಕೂತು ಲೆಕ್ಕ ಹಾಕಿದೆ. ಒಂದು ಸಿಂಹದ ಮುಖವಾಡ ಮಾಡಲು ಎಷ್ಟು ಡಬ್ಬ ತೆರೆಯಬೇಕು? ರಟ್ಟು, ಕತ್ತರಿ, ಪೆನ್ಸಿಲು, ಅಂಟು, ಬಣ್ಣ, ಕುಂಚ, ದಾರ, ತೂತು ಕೊರೆಯುವ ಪಂಚು, ಕೇಸರಕ್ಕೆ ಉಣ್ಣೆ. ಒಂಬತ್ತು. ಒಂಬತ್ತು ಮುಚ್ಚಳ ತೆಗೆದು, ಮತ್ತೆ ಒಂಬತ್ತು ಮುಚ್ಚಳ ಹಾಕಿ, ಒಂಬತ್ತನ್ನೂ ಅಕಾರಾದಿಯಲ್ಲಿ ಹಿಂದಿರುಗಿಸಬೇಕು. ಅದೂ ಮೇಲಿನ ಸಾಲು ಮಗನ ಕೈಗೆ ಎಟಕುವುದಿಲ್ಲ. ಮೊದಲು ಗೊಂದಲದಲ್ಲಿ ಮುಕ್ಕಾಲು ಗಂಟೆ ಕಳೆಯುತ್ತಿತ್ತು, ಈಗ ಶಿಸ್ತಿನಲ್ಲಿ. ಹೆಂಡತಿ ಅಂಗಡಿ ಎಂದದ್ದು ಅಳೆದು ತೂಗಿ ಆಡಿದ ಮಾತು. ಅಂಗಡಿಯವನಿಗೆ ದಾರದ ಪಕ್ಕ ದಾರವೇ ಇರಬೇಕು, ಏಕೆಂದರೆ ಅವನು ಮಾರುವವನು. ಹೊಲಿಯುವವಳಿಗೆ ದಾರದ ಪಕ್ಕ ಸೂಜಿ ಬೇಕು.

ಇದು ಹೊಳೆದದ್ದು ನನ್ನ ಬುದ್ಧಿಯಿಂದಲ್ಲ. ಅಮ್ಮ ನಮ್ಮ ಜೊತೆಯೇ ಇದ್ದಾರೆ. ಅವರ ಬಳಿ ಒಂದು ತಗಡಿನ ಡಬ್ಬವಿದೆ. ನನಗೆ ನೆನಪಿರುವಷ್ಟು ಕಾಲದಿಂದಲೂ ಇದೆ. ಮುಚ್ಚಳದ ಮೇಲಿನ ಚಿತ್ರ ಅಳಿಸಿಹೋಗಿ ಬರೀ ತಗಡು ಉಳಿದಿದೆ. ಒಂದು ಬೆಳಿಗ್ಗೆ ನನ್ನ ಅಂಗಿಗೆ ಗುಂಡಿ ಹಾಕಲು ಕೂತರು. ಡಬ್ಬ ತೆರೆದರು. ಬಟ್ಟೆಯ ತುಂಡಿಗೆ ಚುಚ್ಚಿಟ್ಟ ಮೂರು ಸೂಜಿ, ಕಪ್ಪು ಬಿಳಿ ದಾರದ ರೀಲು, ಹಕ್ಕಿಯ ಕೊಕ್ಕಿನಷ್ಟು ಪುಟ್ಟ ಕತ್ತರಿ, ಬೆರಳಿಗೆ ಹಾಕುವ ಅಂಗುಸ್ತಾನ, ಅಡಿಯಲ್ಲೆಲ್ಲ ಗುಂಡಿಗಳು. ಹೊಲಿದರು, ದಾರ ಕತ್ತರಿಸಿದರು, ಮುಚ್ಚಿದರು. ಒಮ್ಮೆಯೂ ಎದ್ದು ಹೋಗಲಿಲ್ಲ, ಏನನ್ನೂ ಕೇಳಲಿಲ್ಲ. ಆ ಡಬ್ಬದಲ್ಲಿ ಐದು ಜಾತಿಯ ಸಾಮಾನುಗಳಿದ್ದವು. ನನ್ನ ಪದ್ಧತಿಯ ಪ್ರಕಾರ ಅದೊಂದು ಶುದ್ಧ ಗೊಂದಲ. ಆದರೆ ಇಡೀ ಡಬ್ಬ ಒಂದೇ ಕೆಲಸಕ್ಕೆ ಕಾದು ಕೂತಿತ್ತು.

ಹಾಗಾಗಿ 32 ಡಬ್ಬಗಳನ್ನು ಖಾಲಿ ಮಾಡಿ, ಸಾಮಾನುಗಳನ್ನೆಲ್ಲ ತಟ್ಟೆಗಳಿಗೆ ವರ್ಗ ಮಾಡಿದೆವು. 'ಮಾಡಿದೆವು' ಎನ್ನುವುದಕ್ಕೆ ಕಾರಣವಿದೆ, ಈ ಸಲ ನಾನು ಕೈಕಟ್ಟಿ ಕೂತಿದ್ದೆ. ಹಿಡಿಕೆಯಿರುವ, ಮುಚ್ಚಳವಿಲ್ಲದ, ಅಗಲವಾದ ತಟ್ಟೆಗಳು. ಕಾಗದದ ತಟ್ಟೆ, ದಾರದ ತಟ್ಟೆ, ಬಣ್ಣದ ತಟ್ಟೆ. ಎಲ್ಲವೂ ಮಗನ ಮೊಣಕೈ ಎತ್ತರದ ಹಲಗೆಯ ಮೇಲೆ. ಆಯಾ ಕೆಲಸಕ್ಕೆ ಬೇಕಾದದ್ದೆಲ್ಲ ಆಯಾ ತಟ್ಟೆಯಲ್ಲೇ ಇರಬೇಕು, ಕತ್ತರಿ ಸಮೇತ. ಆಗ ಗೊತ್ತಾಯಿತು, ಆರು ಕತ್ತರಿಗಳು ಹೆಚ್ಚಲ್ಲ. ಕಾಗದದ ತಟ್ಟೆಗೆ ಮೊಂಡು ತುದಿಯವು ಎರಡು, ರಟ್ಟಿಗೆ ಒಂದು ದಪ್ಪದ್ದು, ದಾರದ ತಟ್ಟೆಗೆ ಒಂದು, ಅಮ್ಮನ ಡಬ್ಬದ್ದು ಒಂದು. ಆರನೆಯದು ಹೆಂಡತಿಯದು, ಅದರ ಹಿಡಿಗೆ ಕೆಂಪು ದಾರ ಕಟ್ಟಿದೆ. ಅದು ಬರೀ ಹಟವಲ್ಲ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕಾಗದ ಬೆಳ್ಳಗೆ, ನುಣ್ಣಗೆ ಕಾಣಲೆಂದು ಅದರೊಳಗೆ ಸೀಮೆಸುಣ್ಣದಂಥ, ಜೇಡಿಯಂಥ ಖನಿಜದ ಪುಡಿ ಬೆರೆಸಿರುತ್ತಾರೆ. ಕಾಗದ ಕತ್ತರಿಸಿದಷ್ಟೂ ಆ ಪುಡಿ ಅಲಗನ್ನು ಸವೆಸುತ್ತದೆ. ಕಾಗದಕ್ಕೆ ಸಾಕೆನಿಸುವ ಹರಿತ ಬಟ್ಟೆಗೆ ಸಾಲದು. ನೂಲನ್ನು ಕತ್ತರಿಸುವ ಬದಲು ಅಗಿಯುತ್ತದೆ.

ಕಾಗದದ ತಟ್ಟೆ ನನಗೆ ಅಚ್ಚುಮೆಚ್ಚು. ದಿನವಿಡೀ ಎ4 ಹಾಳೆಗಳ ನಡುವೆ ಕೂರುವ ನನಗೆ ಆ ಹಾಳೆಯ ಗುಟ್ಟನ್ನು ತೋರಿಸಿದ್ದು ಮಗ. ಹಾಳೆಯನ್ನು ಅರ್ಧಕ್ಕೆ ಮಡಿಸಿ, "ಇದು ಅದರದೇ ಮರಿ" ಎಂದ. ಮತ್ತೆ ಮಡಿಸಿ, "ಇದು ಮರಿಯ ಮರಿ" ಎಂದ. ಸರಿಯಾದ ಮಾತು. 210 ಮಿಲಿಮೀಟರ್ ಅಗಲ, 297 ಉದ್ದ. ಅರ್ಧ ಮಾಡಿದರೂ ಆಕಾರ ಅದೇ ಉಳಿಯುತ್ತದೆ, ಏಕೆಂದರೆ ಉದ್ದ ಅಗಲಗಳ ನಡುವಿನ ಅನುಪಾತ ಎರಡರ ವರ್ಗಮೂಲ. ಜರ್ಮನಿಯ ಲಿಕ್ಟೆನ್‌ಬರ್ಗ್ ಎಂಬ ವಿಜ್ಞಾನಿ 1786ರಷ್ಟು ಹಿಂದೆಯೇ ಒಂದು ಪತ್ರದಲ್ಲಿ ಈ ಗುಣದ ಬಗ್ಗೆ ಬರೆದಿದ್ದ. 1922ರಲ್ಲಿ ಅದೇ ದೇಶ ಇದನ್ನು ಅಧಿಕೃತ ಅಳತೆಯಾಗಿ ಮಾಡಿಕೊಂಡಿತು. ಇಪ್ಪತ್ತು ವರ್ಷ ಆ ಹಾಳೆಯ ಮೇಲೆ ಲೆಕ್ಕ ಮುದ್ರಿಸಿದ್ದೇನೆ, ಒಮ್ಮೆಯೂ ಮಡಿಸಿ ನೋಡಿರಲಿಲ್ಲ.

ಮಡಿಕೆಯ ಆಟಗಳಿಗೆ ಸಾಮಾನ್ಯವಾಗಿ ಚೌಕ ಬೇಕು. ಎ4ನಿಂದ ಚೌಕ ತೆಗೆದರೆ 87 ಮಿಲಿಮೀಟರ್ ಅಗಲದ ಒಂದು ಪಟ್ಟಿ ಉಳಿಯುತ್ತದೆ. ಮೊದಲು ಅದು ಕಸಕ್ಕೆ ಹೋಗುತ್ತಿತ್ತು. ಈಗ ತಟ್ಟೆಯ ಒಂದು ಮೂಲೆ ಆ ಪಟ್ಟಿಗಳದು. ಸರಪಳಿಗೆ, ಪುಸ್ತಕದ ಗುರುತಿಗೆ, ಹಾವಿಗೆ, ಕೋಟೆಯ ಬಾವುಟಕ್ಕೆ ಎಲ್ಲಕ್ಕೂ ಅವೇ. ಕಾಗದಕ್ಕೆ ಮರದ ಹಾಗೆ ಎಳೆ ಇರುತ್ತದೆ ಎನ್ನುವುದೂ ಈ ತಟ್ಟೆಯಲ್ಲೇ ಕಲಿತದ್ದು. ಕಾರ್ಖಾನೆಯಲ್ಲಿ ಹಾಳೆ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿನಲ್ಲಿ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಗಾಗುತ್ತದೆ. ದಪ್ಪ ಹಾಳೆಯನ್ನು ಎಳೆಗೆ ಅಡ್ಡವಾಗಿ ಮಡಿಸಿದರೆ ಮಡಿಕೆಯ ಮೇಲೆ ಬಿರುಕು ಬರುತ್ತದೆ. ಮಗಳು ಮಾಡಿದ ಶುಭಾಶಯ ಪತ್ರಗಳಲ್ಲಿ ಅರ್ಧದಷ್ಟು ಯಾಕೆ ಬೆನ್ನು ಬಿರಿಯುತ್ತಿದ್ದವು ಎಂಬ ಪ್ರಶ್ನೆ ಹಾಗೆ ಬಗೆಹರಿಯಿತು. ಈಗ ಅವಳು ಮಡಿಸುವ ಮುನ್ನ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡುತ್ತಾಳೆ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೆ ಮಡಿಕೆ.

ಅಂಟಿನ ವಿಷಯದಲ್ಲಿ ಮಾತ್ರ ನಾನು ಇನ್ನೂ ಸರ್ವಾಧಿಕಾರಿ. ಕಾಗದಕ್ಕೆ ಕಾಗದ ಅಂಟಿಸಲು ಗ್ಲೂ ಸ್ಟಿಕ್ಕು. ಬಿಳಿ ಅಂಟಿನಲ್ಲಿ ನೀರಿರುವುದರಿಂದ ತೆಳು ಕಾಗದ ಅದನ್ನು ಕುಡಿದು ಸುಕ್ಕಾಗುತ್ತದೆ. ರಟ್ಟು, ಮರ, ಬಟ್ಟೆಗೆ ಬಿಳಿ ಅಂಟು. ಅದು ಒಣಗುವುದೆಂದರೆ ಒಳಗಿನ ನೀರು ಹೊರಗೆ ಹೋಗುವುದು. ಹಾಗಾಗಿ ಮುಚ್ಚಳ ಮರೆತವರು ಅಂಟನ್ನು ಮರೆತಂತೆಯೇ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಯಾವ ತಟ್ಟೆಯಲ್ಲೂ ಇಲ್ಲ, ನನ್ನ ಮೇಜಿನ ಬೀಗದೊಳಗಿದೆ. ಗಾಳಿಯ, ಚರ್ಮದ ತೇವವೇ ಅದನ್ನು ಗಟ್ಟಿಯಾಗಿಸುವುದು. ಅದಕ್ಕೇ ಬೆರಳುಗಳು ಅಷ್ಟು ಬೇಗ ಅಂಟಿಕೊಳ್ಳುವುದು. ಅದು ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಮೈ ಸುಡುವಷ್ಟು ಬಿಸಿ ಹುಟ್ಟಬಹುದು ಎಂಬುದು ದೊಡ್ಡವರಲ್ಲೂ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನ ಮುಖ ಒಂದು ಥರ ಆದರೆ ಆಗಲಿ.

ಇನ್ನು ಉಣ್ಣೆ ದಾರ. ಕಪಾಟು ಸುರಿದ ದಿನ ಹನ್ನೊಂದು ಉಂಡೆಗಳು ಸೇರಿ ಒಂದೇ ಪ್ರಾಣಿಯಾಗಿದ್ದವು. ಯಾರೂ ಗಂಟು ಹಾಕದೆ ದಾರ ಹೇಗೆ ಗಂಟಾಗುತ್ತದೆ? ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದಾರೆ. 2007ರಲ್ಲಿ ಅಮೆರಿಕದ ರೇಮರ್ ಮತ್ತು ಸ್ಮಿತ್ ಎಂಬಿಬ್ಬರು ಒಂದು ಡಬ್ಬದೊಳಗೆ ದಾರ ಹಾಕಿ, ಡಬ್ಬವನ್ನು ತಿರುಗಿಸಿ ತಿರುಗಿಸಿ, 3,415 ಸಲ ನೋಡಿದರು. ಕೆಲವೇ ಸೆಕೆಂಡುಗಳಲ್ಲಿ ಗಂಟುಗಳು ಹುಟ್ಟುತ್ತಿದ್ದವು. ಆದರೆ 46 ಸೆಂಟಿಮೀಟರಿಗಿಂತ ಚಿಕ್ಕ ದಾರದಲ್ಲಿ ಗಂಟೇ ಬೀಳಲಿಲ್ಲ. ಇದನ್ನು ಓದಿ ಹೇಳಿದಾಗ ಹೆಂಡತಿ ನಕ್ಕುಬಿಟ್ಟಳು. ಕಸೂತಿಗೆ ಅವಳು ದಾರ ಕತ್ತರಿಸುವುದು ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು. ಅದು ಹೆಚ್ಚು ಕಡಿಮೆ 45 ಸೆಂಟಿಮೀಟರ್. ಹೊಲಿಯುವಾಗಿನ ಸಿಕ್ಕು ಬೇರೆ, ಡಬ್ಬದ ಸಿಕ್ಕು ಬೇರೆ. ಎರಡೂ ಲೆಕ್ಕ ತಾಳೆಯಾದದ್ದು ಕಾಕತಾಳೀಯವೇ ಇರಬೇಕು. ನನಗಂತೂ ಖುಷಿಯಾಯಿತು.

ಹನ್ನೊಂದು ಉಂಡೆಗಳನ್ನು ಬಿಡಿಸಿದ್ದು ಇಡೀ ಮನೆ ಸೇರಿ. ಅಮ್ಮ ಕುರ್ಚಿಯಲ್ಲಿ, ಉಳಿದವರು ನೆಲದ ಮೇಲೆ ಸುತ್ತಲೂ. ಎಳೆಯಬಾರದು, ಸಡಿಲಿಸಬೇಕು, ತುದಿ ಹುಡುಕಬಾರದು, ಕುಣಿಕೆ ದೊಡ್ಡದು ಮಾಡಬೇಕು. ಹೀಗೆಂದು ಅಮ್ಮ ಹೇಳಿದರು, ಹೇಳಿದ ಹಾಗೆ ಮಾಡಿದೆವು. ಕೈಗೆ ಕೆಲಸವಿದ್ದು ಕಣ್ಣು ದಾರದ ಮೇಲಿದ್ದರೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎದುರು ಕೂತು "ಶಾಲೆಯಲ್ಲಿ ಏನಾಯಿತು" ಎಂದು ಕೇಳಿದರೆ "ಏನಿಲ್ಲ" ಎನ್ನುವ ಮಗಳು, ನೀಲಿ ದಾರವನ್ನು ಹಸಿರಿನಿಂದ ಬೇರ್ಪಡಿಸುತ್ತಾ ತನ್ನ ಗೆಳತಿ ಎರಡು ವಾರದಿಂದ ಮಾತು ಬಿಟ್ಟಿದ್ದಾಳೆಂದು ಹೇಳಿದಳು. ಯಾರೂ ತಲೆ ಎತ್ತಲಿಲ್ಲ. ಅಮ್ಮ ಮಾತ್ರ, "ಈ ಕಡೆ ಸ್ವಲ್ಪ ಸಡಿಲ ಬಿಡು ಮಗಳೇ" ಎಂದರು. ದಾರದ ಬಗ್ಗೆಯೇ ಹೇಳಿದರೋ ಏನೋ. ಬಿಡಿಸಿದ ದಾರವನ್ನು ಈಗ ಕಚ್ಚು ಮಾಡಿದ ರಟ್ಟಿನ ತುಂಡುಗಳಿಗೆ ಸುತ್ತಿ ನಿಲ್ಲಿಸಿದ್ದೇವೆ. ಸಿಕ್ಕು ಅಷ್ಟಾಗಿ ಬೀಳುವುದಿಲ್ಲ. ಅಂಥ ಇನ್ನೊಂದು ಸಂಜೆಯೂ ಬಂದಿಲ್ಲ, ಅದೊಂದು ನಷ್ಟ.

ಬಣ್ಣದ ತಟ್ಟೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಜಲವರ್ಣ ಒಣಗಿದರೂ ನೀರು ಹಾಕಿದರೆ ಮತ್ತೆ ಎಚ್ಚರಗೊಳ್ಳುತ್ತದೆ, ಅಕ್ರಿಲಿಕ್ ಒಣಗಿದರೆ ಒಣಗಿದ್ದೇ. ಆದ್ದರಿಂದ ಅಕ್ರಿಲಿಕ್ ಕುಂಚವನ್ನು ಆಗಲೇ ತೊಳೆಯಬೇಕು. ಕುಂಚವನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಊಟಕ್ಕೆ ಹೋಗಬಾರದು. ಮಗ ಹೋಗುತ್ತಾನೆ. ಮಿಣುಕುಪುಡಿಯನ್ನು ನಾವೆಲ್ಲ ಸೇರಿ ಮನೆಯಿಂದ ಗಡೀಪಾರು ಮಾಡಿದ್ದೇವೆ. ಎರಡು ವರ್ಷದ ಹಿಂದಿನದು ಇವತ್ತಿಗೂ ನನ್ನ ಲೆಕ್ಕದ ಪುಸ್ತಕದಲ್ಲಿ ಹೊಳೆಯುತ್ತಿರುತ್ತದೆ.

ನಾನು ಮಾಡಿದ ಇನ್ನೊಂದು ಪೆದ್ದು ಕೆಲಸವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ತಟ್ಟೆಗಳು ಬಂದ ಮೇಲೆ ಮಕ್ಕಳು ದಿನಕ್ಕೊಂದು ಏನಾದರೂ ಮಾಡತೊಡಗಿದರು. ಉತ್ಸಾಹ ತಡೆಯಲಾರದೆ ಗೋಡೆಗೊಂದು ಪಟ್ಟಿ ಅಂಟಿಸಿ, ಒಂದು ಕೃತಿಗೆ ಒಂದು ಬಂಗಾರದ ನಕ್ಷತ್ರ ಎಂದೆ. ಮೊದಲ ವಾರ ನಕ್ಷತ್ರಗಳ ಸುಗ್ಗಿ. ಎರಡನೆಯ ವಾರ ಮಗ ಒಂದು ಹಾಳೆಯನ್ನು ಎರಡು ಸಲ ಮಡಿಸಿ ತಂದು, "ಇದು ಬಾಗಿಲು. ನಕ್ಷತ್ರ ಕೊಡು" ಎಂದ. ಮೂರನೆಯ ವಾರ ಮಗಳು, "ಇದಕ್ಕೆ ಕೊಡುವುದಾದರೆ ಮಾಡುತ್ತೇನೆ" ಎಂದಳು. ನಿಂತ ನೀರಿಗೆ ಕಲ್ಲೆಸೆದಂತಾಯಿತು.

1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಶಿಶುವಿಹಾರದ ಮಕ್ಕಳ ಮೇಲೆ ಸರಿಯಾಗಿ ಇದನ್ನೇ ಪರೀಕ್ಷಿಸಿದ್ದರು. ತಾವಾಗಿ ಇಷ್ಟಪಟ್ಟು ಚಿತ್ರ ಬರೆಯುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಂಗಾರದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು, ಕೊಟ್ಟರು. ಕೆಲವು ದಿನಗಳ ನಂತರ ಆ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಹೊತ್ತು, ಏನೂ ಪಡೆಯದ ಮಕ್ಕಳಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂಚೆ ಹೇಳದೆ ಕೊನೆಯಲ್ಲಿ ಅಚಾನಕ್ಕಾಗಿ ಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆಟಕ್ಕೆ ಕೂಲಿ ನಿಗದಿ ಮಾಡಿದ ದಿನ ಅದು ಕೆಲಸವಾಗುತ್ತದೆ. ಪಟ್ಟಿಯನ್ನು ರಾತ್ರಿಯೇ ಕಿತ್ತೆ. ಬೆಳಿಗ್ಗೆ ಯಾರೂ ಕೇಳಲಿಲ್ಲ; ಉಳಿದ ನಕ್ಷತ್ರಗಳನ್ನು ಮಗ ಒಂದು ರಾಕೆಟ್ಟಿನ ಮೈಗೆ ಹಚ್ಚಿದ.

ಇಷ್ಟಾದರೂ ಬಗೆಹರಿಯದೆ ಉಳಿದದ್ದು ಮಾಡಿ ಮುಗಿಸಿದ ವಸ್ತುಗಳ ಪ್ರಶ್ನೆ. ಸಾಮಾನುಗಳಿಗೆ ಜಾಗ ಮಾಡಬಹುದು. ಸಾಮಾನು ಹಡಗಾದರೆ, ಹಡಗು ಎರಡು ಡಜನ್ ಆದರೆ? 2012ರಲ್ಲಿ ಪ್ರಕಟವಾದ ನಾರ್ಟನ್, ಮೊಚಾನ್ ಮತ್ತು ಏರಿಯಲಿ ಅವರ ಅಧ್ಯಯನವೊಂದರಲ್ಲಿ ಜನರಿಗೆ ಕಾಗದದ ಕೊಕ್ಕರೆ, ಕಪ್ಪೆ ಮಡಿಸಲು ಕೊಟ್ಟಿದ್ದರು. ಮಡಿಸಿದವರು ತಮ್ಮ ಸೊಟ್ಟಪಟ್ಟ ಕೊಕ್ಕರೆಗಳಿಗೆ, ನುರಿತವರ ಕೊಕ್ಕರೆಗಳಿಗೆ ಸರಿಸಮಾನ ಎನ್ನುವಷ್ಟು ಬೆಲೆ ಕಟ್ಟಿದರು. ಬೇರೆಯವರ ಕಣ್ಣಿಗೆ ಅವು ಮುದುಡಿದ ಕಾಗದಗಳು. ನಮ್ಮ ಮನೆಯಲ್ಲಿ ಇದು ತಿರುಗುಮುರುಗು. ಮಕ್ಕಳು ಮಾಡಿ ಮುಗಿಸಿದ್ದನ್ನು ಆ ಕ್ಷಣವೇ ಮರೆಯುತ್ತಾರೆ, ಎಸೆಯಲಾರದವನು ನಾನು. ಪಕ್ಕದಲ್ಲಿ ಕೂತು ರಟ್ಟು ಹಿಡಿದುಕೊಂಡಿದ್ದಷ್ಟೇ ನನ್ನ ಪಾಲು, ಆದರೂ. ಮಗಳು ಕಸದ ಬುಟ್ಟಿಗೆ ಹಾಕಿದ ಒಂದು ನವಿಲನ್ನು ಎರಡು ಸಲ ಎತ್ತಿ ತಂದಿದ್ದೇನೆ. ಮೂರನೆಯ ಸಲ ಅವಳು ಅದನ್ನು ನನ್ನ ಕಚೇರಿಯ ಚೀಲದೊಳಗೇ ಹಾಕಿಬಿಟ್ಟಳು.

ಈಗ ಹಜಾರದ ಗೋಡೆಗೆ ಒಂದು ದಾರ ಕಟ್ಟಿ ಹನ್ನೆರಡು ಕ್ಲಿಪ್ಪು ಸಿಕ್ಕಿಸಿದ್ದೇವೆ. ಹದಿಮೂರನೆಯದು ಬಂದರೆ ಒಂದು ಇಳಿಯಬೇಕು. ಯಾವುದು ಎನ್ನುವುದು ಮಾಡಿದವರ ತೀರ್ಮಾನ. ಇಳಿದದ್ದರಲ್ಲಿ ಬಳಸಬಹುದಾದ ಕಣ್ಣು, ರೆಕ್ಕೆ, ಚಕ್ರಗಳು ವಾಪಸು ತಟ್ಟೆಗೆ. ಇನ್ನೊಂದು ಜಾಗ ಮಗಳು ಹಟ ಹಿಡಿದು ಪಡೆದದ್ದು: 'ಅರ್ಧ ಆದದ್ದು' ಎಂಬ ಹಲಗೆ. ಅದರ ಮೇಲಿಟ್ಟದ್ದನ್ನು ಯಾರೂ ಮುಟ್ಟುವಂತಿಲ್ಲ, ಧೂಳು ಹೊಡೆಯುವ ನೆಪದಲ್ಲೂ ಇಲ್ಲ. "ನೀನು ಕ್ಲೀನ್ ಮಾಡಿದರೆ ನನಗೆ ಎಲ್ಲಿ ನಿಲ್ಲಿಸಿದ್ದೆ ಎಂದೇ ಮರೆತುಹೋಗುತ್ತದೆ" ಎಂದಿದ್ದಳು. ಇಡೀ ವ್ಯವಸ್ಥೆಯಲ್ಲಿ ಈ ಹಲಗೆಯಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ. ಅರ್ಧ ಮಾಡಿದ್ದು ಕಣ್ಣೆದುರು ಇದ್ದರೆ ಮರುದಿನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಒಳ್ಳೆಯ ಕಾಗದದ ವಿಷಯವನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ಹೂವಿನ ಎಸಳು ಒತ್ತಿದ ಕೈಕಾಗದದ ಹತ್ತು ಹಾಳೆ ತಂದಿಟ್ಟಿದ್ದೆ, ಏನಾದರೂ ಒಳ್ಳೆಯದಕ್ಕೆ ಎಂದು. ಬಣ್ಣದ ಕಾಗದ ಕೊಂಡಾಗಲೆಲ್ಲ ಅದರ ಜೊತೆ ಒಂದು ಬಿಡುವಿನ ಮಧ್ಯಾಹ್ನವೂ ಬರುತ್ತದೆಂಬ ಭ್ರಮೆ ನನಗೆ. ಆ ಒಳ್ಳೆಯದು ಬರಲೇ ಇಲ್ಲ; ಬೆಳಕು ಬಿದ್ದ ಕಡೆ ಹಾಳೆಗಳ ಅಂಚು ಮಾಸಿತು. ಮೊನ್ನೆ ಮಗ ಅದರಲ್ಲೊಂದನ್ನು ತೆಗೆದು ನಡುವೆ ದೊಡ್ಡ ತೂತು ಮಾಡಿ ತಲೆಗೆ ತೂರಿಸಿಕೊಂಡಿದ್ದ. ಬಾಯಿಯವರೆಗೆ ಬಂದ ಮಾತನ್ನು ನುಂಗಿ ಉಳಿದ ಒಂಬತ್ತನ್ನೂ ಕಾಗದದ ತಟ್ಟೆಗೆ ಹಾಕಿದೆ.

ಸಿಂಹ ಏನಾಯಿತು ಎನ್ನುತ್ತೀರಾ? ಮರೆತೇಹೋಗಿತ್ತು ಎಂದುಕೊಂಡಿದ್ದೆ. ಕಳೆದ ತಿಂಗಳು ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಗ ಹಜಾರದ ನೆಲದ ಮೇಲೆ ಕೂತಿದ್ದ. ಎದುರಿಗೆ ಕಾಗದದ ತಟ್ಟೆ, ಪಕ್ಕಕ್ಕೆ ದಾರದ ತಟ್ಟೆ. ರಟ್ಟಿನಲ್ಲಿ ಉರುಟಾಗಿ ಮುಖ ಕತ್ತರಿಸಿಯಾಗಿತ್ತು. ಯಾರನ್ನೂ ಕೇಳಿರಲಿಲ್ಲ, ಯಾರನ್ನೂ ಎಬ್ಬಿಸಿರಲಿಲ್ಲ. ಕೇಸರಕ್ಕೆ ಹಳದಿ ಸಾಲದೆ ಅರ್ಧಕ್ಕೆ ನೇರಳೆ ಹಚ್ಚಿದ್ದ. ಕಣ್ಣಿಗೆ ಏನು ಎಂದು ಯೋಚಿಸಿ ಅಜ್ಜಿಯ ಬಳಿಗೆ ಹೋದ.

ಅಮ್ಮ ತಗಡಿನ ಡಬ್ಬವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು. ಅಲ್ಲಾಡಿದ ಡಬ್ಬದಲ್ಲಿ ಚಿಕ್ಕವು ಸಂದಿಯಿಂದ ಕೆಳಗಿಳಿದು ದೊಡ್ಡವು ಮೇಲೆ ಉಳಿಯುತ್ತವೆ. ಹಾಗಾಗಿ ಬೋರಲಾದಾಗ ವರ್ಷಗಟ್ಟಲೆ ಅಡಿಯಲ್ಲಿದ್ದ ಪುಟಾಣಿ ಗುಂಡಿಗಳು ರಾಶಿಯ ಮೇಲೆ ಬಂದು ಕೂತವು. ಬಣ್ಣದ ಪ್ರಕಾರ ವಿಂಗಡಿಸೋಣವೇ ಎಂದೆ, ಅಭ್ಯಾಸಬಲದಿಂದ. ಅಮ್ಮ ನನ್ನ ಮಾತನ್ನು ಕೇಳಿಸಿಕೊಳ್ಳದವರ ಹಾಗೆ ಒಂದೊಂದನ್ನೇ ಎತ್ತಿ ಬೇರೆ ಬೇರೆ ಗುಂಪು ಹಾಕತೊಡಗಿದರು. ಬಿಳಿಯ ಜೊತೆ ಕಂದು, ಕಂದಿನ ಜೊತೆ ಹಸಿರು. ಏನು ಲೆಕ್ಕ ಇದು ಎಂದು ನೋಡುತ್ತಿದ್ದರೆ, "ಇವು ನಿನ್ನ ಅಪ್ಪನವು" ಎಂದರು. "ಇದು ನೀನು ಹುಟ್ಟಿದಾಗಿನ ಅಂಗಿಯದು. ಇದು ನನ್ನ ಕೋಟಿನದು, ಕೋಟು ಕೊಟ್ಟುಬಿಟ್ಟೆ, ಗುಂಡಿ ಇಟ್ಟುಕೊಂಡೆ." ಮಗಳೂ ಬಂದು ಕೂತಳು. ಅವಳ ಮೊದಲ ಸ್ವೆಟರಿನ ಗುಂಡಿ ಬಾತುಕೋಳಿಯ ಆಕಾರದ್ದು. ಅದನ್ನು ನಾನೂ ಗುರುತಿಸಿದೆ. ಅಪ್ಪನ ಗುಂಪಿನಲ್ಲಿದ್ದ ಅಗಲವಾದ ಕಪ್ಪು ಗುಂಡಿಯನ್ನು ಮಾತ್ರ ಗುರುತಿಸಲಿಲ್ಲ. "ನೀನು ತೊಡೆಯ ಮೇಲೆ ಕೂತು ಜಗಿಯುತ್ತಿದ್ದೆಯಲ್ಲ" ಎಂದರು ಅಮ್ಮ. ಅದರ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳಿದ್ದವು.

ಕೊನೆಗೆ ಯಾರದೆಂದು ಅಮ್ಮನಿಗೂ ಗೊತ್ತಾಗದ ಎರಡು ಗುಂಡಿಗಳು ಉಳಿದವು. ಒಂದು ನೀಲಿ, ನಾಲ್ಕು ತೂತಿನದು. ಇನ್ನೊಂದು ಜೇನುಬಣ್ಣದ್ದು, ಅದರ ಒಂದೂವರೆಯಷ್ಟು ದೊಡ್ಡದು. ಅಮ್ಮ ಅವೆರಡನ್ನೂ ಮೊಮ್ಮಗನ ಅಂಗೈಗೆ ಹಾಕಿ, ಉಳಿದ ಗುಂಪುಗಳನ್ನೆಲ್ಲ ಒಂದೇ ಸಲಕ್ಕೆ ಬಾಚಿ ಡಬ್ಬಕ್ಕೆ ಸುರಿದು ಮುಚ್ಚಿದರು. ಅಷ್ಟು ಹೊತ್ತು ವಿಂಗಡಿಸಿದ್ದೆಲ್ಲ ಒಂದು ಕ್ಷಣದಲ್ಲಿ ಕಲೆತುಹೋಯಿತು. ನನ್ನ ಕೈ ಮುಂದಕ್ಕೆ ಹೋಗಿ ಅರ್ಧದಲ್ಲೇ ನಿಂತಿತು.

ಮುಖವಾಡ ಈಗ ಹನ್ನೆರಡರಲ್ಲಿ ಮೂರನೆಯ ಕ್ಲಿಪ್ಪಿನಲ್ಲಿದೆ. ಒಂದು ಕಣ್ಣು ನೀಲಿ, ಒಂದು ಕಣ್ಣು ಜೇನಿನದು. ಮೀಸೆಗೆ ಮಗ ಕಪಾಟಿನ ಹಳೆಯ ಡಬ್ಬಗಳ ಲೇಬಲುಗಳನ್ನು ಕಿತ್ತು ತಂದಿದ್ದ, ಆರು ಬಿಳಿ ಪಟ್ಟಿ, ಆ ಕಡೆ ಮೂರು, ಈ ಕಡೆ ಮೂರು. ಹತ್ತಿರ ಹೋಗಿ ನೋಡಿದರೆ ಎಡಗಡೆಯ ಮೀಸೆಯ ಮೇಲೆ 'ಇತರೆ' ಎಂದು ಓದಬಹುದು.